ಮಕ್ಕಳ ಫಿಟ್ಸ್‌ಗೆ ಆಪರೇಷನ್: ಮೆದುಳಿನಲ್ಲಿ ಎಲ್ಲಿ ಕೈ ಹಾಕಬೇಕೆಂದು ಸ್ಕ್ಯಾನ್‌ಗಳಿಂದ ತಿಳಿಯುವುದು ಹೇಗೆ?

ಒಂದು ಔಷಧ ಕೊಟ್ಟಾಯಿತು, ಎರಡನೆಯದನ್ನೂ ಸೇರಿಸಿ ಪ್ರಮಾಣ ಏರಿಸಿದ್ದಾಯಿತು. ಮಗುವಿನ ಫಿಟ್ಸ್ ಮಾತ್ರ ನಿಂತಿಲ್ಲ. ಆಗ ವೈದ್ಯರು ‘ಆಪರೇಷನ್‌ಗೆ ಬರುತ್ತದೆಯೇ ನೋಡೋಣ’ ಎಂದು ಪರೀಕ್ಷೆಗಳ ಉದ್ದ ಪಟ್ಟಿಯೊಂದನ್ನು ಬರೆದು ಕೊಡುತ್ತಾರೆ. ಎಪಿಲೆಪ್ಸಿ ಪ್ರೋಟೋಕಾಲ್ ಎಂಆರ್‌ಐ, ವಿಡಿಯೊ ಇಇಜಿ, ಪೆಟ್, ಸ್ಪೆಕ್ಟ್, ಫಂಕ್ಷನಲ್ ಎಂಆರ್‌ಐ. ಹೆತ್ತವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದೇ: ಎಂಆರ್‌ಐ ಒಮ್ಮೆ ಮಾಡಿಸಿದ್ದೇವಲ್ಲ, ನಾರ್ಮಲ್ ಅಂತ ಬಂದಿದೆಯಲ್ಲ, ಮತ್ತೆ ಏಕೆ? ಇರುವುದೊಂದು ಮೆದುಳನ್ನು ಇಷ್ಟೊಂದು ಯಂತ್ರಗಳಲ್ಲಿ ಏಕೆ ನೋಡಬೇಕು?

‘ಇಲ್ಲಿ ಕತ್ತರಿಸಿ’ ಎಂದು ತೋರಿಸುವ ಯಂತ್ರ ಇನ್ನೂ ಹುಟ್ಟಿಲ್ಲ ಎಂಬುದೇ ಇದಕ್ಕೆ ಕಾರಣ. ಒಂದು ಸ್ಕ್ಯಾನ್ ಮೆದುಳಿನ ಆಕಾರವನ್ನು ತೋರಿಸುತ್ತದೆ, ಇನ್ನೊಂದು ಅದು ಸಕ್ಕರೆ ಬಳಸುವ ರೀತಿಯನ್ನು, ಮತ್ತೊಂದು ಫಿಟ್ಸ್ ಬಂದ ಕ್ಷಣದಲ್ಲಿ ರಕ್ತ ಎಲ್ಲಿಗೆ ನುಗ್ಗಿತು ಎಂಬುದನ್ನು. ಇವೆಲ್ಲ ಒಂದೇ ಜಾಗದತ್ತ ಬೊಟ್ಟು ಮಾಡಿದಾಗ ಶಸ್ತ್ರಚಿಕಿತ್ಸಕರಿಗೆ ಧೈರ್ಯ ಬರುತ್ತದೆ.

ಫಿಟ್ಸ್ ಎಂದರೆ ಏನು, ಆಪರೇಷನ್ ಯಾರಿಗೆ?

ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಒಂದು ಗುಂಪು ಕೋಶಗಳು ಲಂಗುಲಗಾಮಿಲ್ಲದೆ ಒಟ್ಟಿಗೆ ಸಂಕೇತ ಸಿಡಿಸತೊಡಗಿದರೆ ಅದೇ ಫಿಟ್ಸ್. ಮತ್ತೆ ಮತ್ತೆ ಹೀಗಾಗುವ ಸ್ವಭಾವವಿದ್ದರೆ ಅದು ಎಪಿಲೆಪ್ಸಿ, ಅಂದರೆ ಅಪಸ್ಮಾರ ಅಥವಾ ಮೂರ್ಛೆರೋಗ. ಕೆಲವು ಮಕ್ಕಳಲ್ಲಿ ಇದು ಶುರುವಿನಿಂದಲೇ ಮೆದುಳಿನ ಎರಡೂ ಬದಿಗಳನ್ನು ಹಿಡಿಯುತ್ತದೆ. ಇನ್ನು ಕೆಲವರಲ್ಲಿ ಒಂದು ನಿರ್ದಿಷ್ಟ ಜಾಗದಲ್ಲಿ ಹುಟ್ಟಿ ಆಮೇಲೆ ಹರಡುತ್ತದೆ. ಆಪರೇಷನ್‌ನ ವಿಚಾರ ಬರುವುದು ಮುಖ್ಯವಾಗಿ ಈ ಎರಡನೆಯ ಬಗೆಯಲ್ಲಿ. ಮನೆಯ ವೈರಿಂಗ್‌ನಲ್ಲಿ ಒಂದೇ ಕಡೆ ತಂತಿಯ ಹೊದಿಕೆ ಕಿತ್ತು ಕಿಡಿ ಹಾರುತ್ತಿದ್ದರೂ ಎಲ್ಲ ಕೋಣೆಗಳ ದೀಪ ಮಿನುಗಬಹುದು. ದೀಪ ಬದಲಿಸಿದರೆ ಏನೂ ಆಗದು. ಕಿಡಿಯ ಜಾಗ ಸಿಗಬೇಕು.

ಔಷಧಕ್ಕೆ ಬಗ್ಗದ ಫಿಟ್ಸ್ ಎಂದು ಯಾವಾಗ ಹೇಳಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಎಪಿಲೆಪ್ಸಿ ಸಂಘಟನೆ ಐಎಲ್‌ಎಇ 2010ರಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು: ರೋಗಕ್ಕೆ ಸರಿಹೊಂದುವ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಿದರೂ ಫಿಟ್ಸ್ ಪೂರ್ತಿ ನಿಲ್ಲದಿದ್ದರೆ. ಎರಡೇ ಏಕೆ? 2000ದಲ್ಲಿ ಪ್ರಕಟವಾದ ಗ್ಲಾಸ್ಗೋದ ಅಧ್ಯಯನವೊಂದರಲ್ಲಿ ಅದುವರೆಗೆ ಔಷಧವನ್ನೇ ತೆಗೆದುಕೊಳ್ಳದಿದ್ದ 470 ಮಂದಿಯ ಪೈಕಿ ಶೇ 47ರಷ್ಟು ಜನರಿಗೆ ಮೊದಲ ಔಷಧದಲ್ಲೇ ಫಿಟ್ಸ್ ನಿಂತಿತ್ತು. ಎರಡನೆಯ ಅಥವಾ ಮೂರನೆಯ ಔಷಧದಿಂದ ನಿಂತದ್ದು ಶೇ 14 ಮಂದಿಗೆ ಮಾತ್ರ. ಎರಡು ಸೋತ ಮೇಲೆ ಐದನೆಯದು, ಆರನೆಯದು ಎಂದು ವರ್ಷಗಟ್ಟಲೆ ಬದಲಿಸುತ್ತಾ ಕೂರುವುದರಿಂದ ಸಿಗುವ ಲಾಭ ಕಡಿಮೆ. ಬೆಳೆಯುವ ಮೆದುಳಿಗೆ ಆಗುವ ನಷ್ಟ ದೊಡ್ಡದು. ನನ್ನನ್ನು ಕೇಳಿದರೆ ಈ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಹಾಳಾಗುವುದು ಈ ಕಾಲವೇ.

ಆಪರೇಷನ್‌ನಿಂದ ಏನು ಸಾಧ್ಯ ಎಂಬುದಕ್ಕೆ ದೆಹಲಿಯ ಏಮ್ಸ್ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆ ಒಳ್ಳೆಯ ಅಳತೆಗೋಲು. ಔಷಧಕ್ಕೆ ಬಗ್ಗದ ಫಿಟ್ಸ್ ಇದ್ದ, 18 ವರ್ಷದವರೆಗಿನ 116 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಒಂದು ವರ್ಷದ ಕೊನೆಗೆ ಆಪರೇಷನ್ ಆದವರಲ್ಲಿ ಶೇ 77 ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಔಷಧವನ್ನಷ್ಟೇ ಮುಂದುವರಿಸಿದವರಲ್ಲಿ ಈ ಪ್ರಮಾಣ ಶೇ 7. ಆಪರೇಷನ್ ಗುಂಪಿನ ಮೂರನೇ ಒಂದರಷ್ಟು ಮಕ್ಕಳಿಗೆ ಗಂಭೀರ ತೊಂದರೆಗಳೂ ಆದವು. ಅವುಗಳಲ್ಲಿ ಹೆಚ್ಚಿನವು, ದೇಹದ ಒಂದು ಬದಿಯ ಬಲ ಕುಂದುವಂಥವು, ಆ ಬಗೆಯ ಆಪರೇಷನ್‌ನಲ್ಲಿ ಮೊದಲೇ ನಿರೀಕ್ಷಿಸಿದ್ದಂಥವು. ಈ ಎರಡೂ ಅಂಕಿಗಳನ್ನು ಒಟ್ಟಿಗೇ ನೆನಪಿಡಬೇಕು. ಸ್ಕ್ಯಾನ್‌ಗಳ ಕೆಲಸ ಇರುವುದೇ ಇಲ್ಲಿ, ಫಿಟ್ಸ್ ನಿಂತವರ ಅಂಕಿಯನ್ನು ಏರಿಸಿ ತೊಂದರೆಯಾದವರ ಅಂಕಿಯನ್ನು ಇಳಿಸುವುದರಲ್ಲಿ.

ಹುಡುಕುತ್ತಿರುವುದು ಏನನ್ನು?

ಆಪರೇಷನ್‌ಗೆ ಬರುವ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಕಾರಣ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಚಿಕ್ಕದಾಗಿ ಎಫ್‌ಸಿಡಿ. ಹೆಸರು ದೊಡ್ಡದು, ವಿಷಯ ಸರಳ. ಕಾರ್ಟೆಕ್ಸ್ ಎಂದರೆ ಮೆದುಳಿನ ಹೊರ ಹೊದಿಕೆ, ನರಕೋಶಗಳು ತುಂಬಿದ ಬೂದು ಪದರ. ಗರ್ಭದಲ್ಲಿರುವಾಗ ಈ ಕೋಶಗಳು ಮೆದುಳಿನ ಆಳದಲ್ಲಿ ಹುಟ್ಟಿ, ಹೊರಮೈಗೆ ಪ್ರಯಾಣ ಮಾಡಿ, ಆರು ಪದರಗಳಲ್ಲಿ ಸಾಲಾಗಿ ನಿಲ್ಲುತ್ತವೆ. ಒಂದು ಕಡೆ ಈ ಸಾಲು ಕೆಟ್ಟರೆ ಅದು ಎಫ್‌ಸಿಡಿ. ಗೋಡೆ ಕಟ್ಟುವಾಗ ಒಂದು ಮೊಳದಷ್ಟು ಜಾಗದಲ್ಲಿ ಇಟ್ಟಿಗೆಗಳನ್ನು ಅಡ್ಡಾದಿಡ್ಡಿ ಇಟ್ಟಂತೆ. ದೂರದಿಂದ ನೋಡಿದರೆ ಗೋಡೆ ಚೆನ್ನಾಗಿಯೇ ಇದೆ. ಡೇವಿಡ್ ಟೇಲರ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದು 1971ರಲ್ಲಿ. ಇದು ಕೆಲವೊಮ್ಮೆ ಒಂದು ಇಡೀ ಹಾಲೆಯಷ್ಟು (ಮೆದುಳಿನ ಒಂದು ದೊಡ್ಡ ವಿಭಾಗದಷ್ಟು) ದೊಡ್ಡದಿರುತ್ತದೆ, ಕೆಲವೊಮ್ಮೆ ಒಂದೇ ಒಂದು ಮಡಿಕೆಯ ತಳದಲ್ಲಿ ಅಡಗಿರುವಷ್ಟು ಚಿಕ್ಕದು.

ಉಳಿದ ಕಾರಣಗಳೂ ಇವೆ: ನಿಧಾನವಾಗಿ ಬೆಳೆಯುವ ಗ್ಯಾಂಗ್ಲಿಯೋಗ್ಲಿಯೋಮಾದಂಥ ಗಡ್ಡೆ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗ ಕುಗ್ಗಿ ಗಟ್ಟಿಯಾಗುವುದು, ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಗಂಟುಗಳು, ಹುಟ್ಟುವ ಹೊತ್ತಿಗೆ ಆದ ಪಾರ್ಶ್ವವಾಯುವಿನ ಗುರುತು, ಮೆದುಳಿನ ಒಂದು ಅರ್ಧವೇ ವಿಕಾರವಾಗಿ ದೊಡ್ಡದಾಗಿರುವ ಹೆಮಿಮೆಗಾಲೆನ್ಸೆಫಲಿ. ವೈದ್ಯರು ಇವನ್ನೆಲ್ಲ ಒಟ್ಟಾಗಿ ‘ಲೀಶನ್’ ಎನ್ನುತ್ತಾರೆ. ದೋಷವಿರುವ ಜಾಗ ಎಂದು ಅರ್ಥ. ಲೀಶನ್ ಚಿತ್ರದಲ್ಲಿ ಕಂಡರೆ ಎಷ್ಟು ಅನುಕೂಲ ಎಂಬುದಕ್ಕೆ ಲೆಕ್ಕವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯೊಂದರ ಪ್ರಕಾರ, ಲೀಶನ್ ಕಂಡವರಲ್ಲಿ ಆಪರೇಷನ್ ನಂತರ ಫಿಟ್ಸ್ ನಿಲ್ಲುವ ಸಂಭವ, ಕಾಣದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು.

‘ನಾರ್ಮಲ್’ ಬಂದ ಎಂಆರ್‌ಐ ಮತ್ತೆ ಏಕೆ?

ಎಂಆರ್‌ಐ ದೊಡ್ಡ ಕಾಂತವೊಂದರೊಳಗೆ ಮಗುವನ್ನು ಮಲಗಿಸಿ, ರೇಡಿಯೊ ತರಂಗ ಹಾಯಿಸಿ, ದೇಹದ ನೀರಿನಲ್ಲಿರುವ ಹೈಡ್ರೋಜನ್ ಮರುನುಡಿಯುವುದನ್ನು ಕೇಳಿಸಿಕೊಂಡು ಚಿತ್ರ ಕಟ್ಟುತ್ತದೆ. ಎಕ್ಸ್‌ರೇ ಇಲ್ಲ, ವಿಕಿರಣವಿಲ್ಲ. ಆದರೆ ಎಂಆರ್‌ಐ ಎಂಬುದು ಒಂದೇ ಚಿತ್ರವಲ್ಲ. ಯಂತ್ರಕ್ಕೆ ಯಾವ ಸೂಚನೆ ಕೊಡುತ್ತೀರೋ ಅದಕ್ಕೆ ತಕ್ಕ ಚಿತ್ರ ಬರುತ್ತದೆ. ತಲೆಗೆ ಪೆಟ್ಟಾದಾಗಲೋ ತಲೆನೋವಿಗೋ ಮಾಡುವ ಸಾಮಾನ್ಯ ಎಂಆರ್‌ಐಯಲ್ಲಿ ಮೆದುಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಹಾಳೆಗಳಾಗಿ, ನಡುವೆ ಸ್ವಲ್ಪ ಅಂತರ ಬಿಟ್ಟು ಚಿತ್ರಿಸುತ್ತಾರೆ. ನಾವು ನೋಡಬೇಕಾದ ಬೂದು ಪದರದ ದಪ್ಪವೇ 2ರಿಂದ 4 ಮಿಲಿಮೀಟರ್! ಪುಸ್ತಕದ ಪ್ರತಿ ಐದನೇ ಪುಟವನ್ನಷ್ಟೇ ಓದಿ ಅಚ್ಚಿನ ತಪ್ಪು ಎಲ್ಲೂ ಇಲ್ಲ ಎಂದರೆ ನಂಬಲಾದೀತೆ?

ಅದಕ್ಕಾಗಿ ಐಎಲ್‌ಎಇಯ ತಜ್ಞರ ತಂಡ 2019ರಲ್ಲಿ ಹಾರ್ನೆಸ್ ಎಂಬ ಹೆಸರಿನ ಕ್ರಮವೊಂದನ್ನು ಸೂಚಿಸಿತು. ಅದರ ತಿರುಳು ಮೂರು ಚಿತ್ರಸರಣಿಗಳು. ಮೊದಲನೆಯದು ಟಿ1: ಇಡೀ ಮೆದುಳು 1 ಮಿಲಿಮೀಟರ್ ಘನಗಳಲ್ಲಿ, ನಡುವೆ ಅಂತರವಿಲ್ಲದೆ. ಬೂದು ಪದರದ ದಪ್ಪ, ಅದು ಬಿಳಿ ಭಾಗವನ್ನು ಸೇರುವ ಗಡಿ ಇದರಲ್ಲಿ ಸ್ಪಷ್ಟ. ಎರಡನೆಯದು ಫ್ಲೇರ್, ಅದೂ 1 ಮಿಲಿಮೀಟರ್ ಘನಗಳಲ್ಲೇ. ಮೆದುಳಿನ ಸುತ್ತಲಿನ ದ್ರವವನ್ನು ಕಪ್ಪಾಗಿಸಿ ಅಸಹಜ ಅಂಗಾಂಶವನ್ನು ಬೆಳ್ಳಗೆ ತೋರಿಸುತ್ತದೆ. ಮೂರನೆಯದು ಹಿಪ್ಪೊಕ್ಯಾಂಪಸ್‌ಗೆ ಅಡ್ಡಲಾಗಿ ತೆಗೆದ ಟಿ2 ಚಿತ್ರಗಳು, ಅದರ ಒಳರಚನೆಯನ್ನು ನೋಡಲು. 1.5 ಟೆಸ್ಲಾ ಯಂತ್ರಕ್ಕಿಂತ 3 ಟೆಸ್ಲಾ ಯಂತ್ರ ಮೇಲು (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ). ಘನವಾಗಿ ಚಿತ್ರಿಸಿದರೆ ಸಿಗುವ ದೊಡ್ಡ ಲಾಭವೆಂದರೆ, ಕಂಪ್ಯೂಟರಿನಲ್ಲಿ ಮೆದುಳನ್ನು ಯಾವ ಕೋನದಿಂದ ಬೇಕಾದರೂ ಸೀಳಿ ನೋಡಬಹುದು.

ಚಿಕ್ಕ ಎಫ್‌ಸಿಡಿ ಪರದೆಯ ಮೇಲೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಮೆದುಳಿನ ಹೊರಮೈ ಮುದುಡಿದ ಬಟ್ಟೆಯಂತೆ ಮಡಿಕೆ ಮಡಿಕೆ. ರೇಡಿಯಾಲಜಿಸ್ಟ್ ಒಂದೊಂದೇ ಮಡಿಕೆಯ ಒಳಗೆ ಇಳಿದು ಅದರ ತಳವನ್ನು ನೋಡುತ್ತಾರೆ. ಎಲ್ಲೆಡೆ ಬೂದು-ಬಿಳಿ ಗಡಿ ಚೂಪಾದ ಗೆರೆ. ಒಂದು ಮಡಿಕೆಯ ತಳದಲ್ಲಿ ಮಾತ್ರ ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಉಜ್ಜಿದಂತೆ ಅದು ಮಸುಕಾಗಿದೆ. ಅಲ್ಲಿ ಬೂದು ಪದರ ಪಕ್ಕದ್ದಕ್ಕಿಂತ ಒಂದಿಷ್ಟು ದಪ್ಪ. ಫ್ಲೇರ್ ಚಿತ್ರದಲ್ಲಿ ಅದೇ ಜಾಗ ಮಂಕು ಬಿಳುಪು. ಆ ಬಿಳುಪು ಸಣ್ಣ ಬಾಲದಂತೆ ಒಳಗಿನ ದ್ರವಕೋಶದ ಕಡೆಗೆ ಎಳೆದುಕೊಂಡಿದೆ. ಗರ್ಭದಲ್ಲಿ ಕೋಶಗಳು ನಡೆದು ಬಂದ ದಾರಿಯೇ ಆ ಬಾಲ. ಇಷ್ಟೇ ಗುರುತು. ಒಂದೇ ಚಿತ್ರದಲ್ಲಿ, ಒಂದೇ ಕೋನದಿಂದ ನೋಡಿದರೆ ಯಾರ ಕಣ್ಣಿಗೂ ತಪ್ಪಿಹೋಗಬಹುದು.

ಎಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ ಸಿಗುವ ಸಾಧ್ಯತೆ ಹೆಚ್ಚು. ಸ್ಕ್ಯಾನ್ ಚೀಟಿಯಲ್ಲಿ ‘ಫಿಟ್ಸ್’ ಎಂದಷ್ಟೇ ಬರೆದು ಕಳಿಸಿದರೆ ಓದುವವರು ಕಾಡಿನಲ್ಲಿ ಅಲೆಯಬೇಕು. ‘ಎಡಗೈ ಬೆರಳುಗಳಿಂದ ಜರ್ಕ್ ಶುರು, ಇಇಜಿಯಲ್ಲಿ ಬಲ ಮಧ್ಯಭಾಗದಲ್ಲಿ ಸ್ಪೈಕ್’ (ಅಂದರೆ ಮೆದುಳಿನ ವಿದ್ಯುತ್ ದಾಖಲೆಯಲ್ಲಿ ಚೂಪಾದ ಅಸಹಜ ಅಲೆ) ಎಂದು ಬರೆದಿದ್ದರೆ ಅವರು ನೇರವಾಗಿ ಎಡಗೈಯನ್ನು ಆಡಿಸುವ, ಬಲ ಮೆದುಳಿನ ಪಟ್ಟಿಗೆ ಹೋಗುತ್ತಾರೆ. ಮೊದಲು ನಾರ್ಮಲ್ ಎಂದಿದ್ದ ಅದೇ ಚಿತ್ರವನ್ನು ಇಇಜಿ ಬಂದ ಮೇಲೆ ಮತ್ತೆ ಓದಿದಾಗ ಲೀಶನ್ ಸಿಗುವುದು ಅಪರೂಪವೇನಲ್ಲ.

ಎಡವುವ ಜಾಗಗಳೂ ಇವೆ. ಮಗು ಸ್ಕ್ಯಾನ್ ಮಧ್ಯೆ ಒಂದಿಷ್ಟು ತಲೆ ಆಡಿಸಿದರೂ ಚಿತ್ರ ಮಸುಕಾಗುತ್ತದೆ, ಆ ಮಸುಕು ಎಫ್‌ಸಿಡಿಯ ಮಸುಕನ್ನೇ ಹೋಲುತ್ತದೆ ಅಥವಾ ಅದನ್ನು ಮುಚ್ಚಿಬಿಡುತ್ತದೆ. ದೀರ್ಘ ಫಿಟ್ಸ್ ಆದ ಬೆನ್ನಲ್ಲೇ ಸ್ಕ್ಯಾನ್ ಮಾಡಿದರೆ ಅಂಗಾಂಶ ಬಾತು ತಾತ್ಕಾಲಿಕ ಬಿಳಿ ಕಲೆ ಕಾಣಬಹುದು. ಕೆಲವು ವಾರಗಳ ನಂತರ ಮತ್ತೆ ನೋಡಿದರೆ ಇರುವುದಿಲ್ಲ. ಶಿಶುಗಳ ಸ್ಪ್ಯಾಸಂ ಎಂಬ ಬಗೆಯ ಫಿಟ್ಸ್‌ಗೆ ಕೊಡುವ ವಿಗಾಬಟ್ರಿನ್ ಔಷಧವೂ ಮೆದುಳಿನ ಆಳದ ಭಾಗಗಳಲ್ಲಿ ಮಾಯವಾಗಬಲ್ಲ ಕಲೆಗಳನ್ನು ಮೂಡಿಸುವುದುಂಟು. ಹಲ್ಲಿಗೆ ಹಾಕಿದ ಲೋಹದ ಕ್ಲಿಪ್ ಹಣೆಯ ಹಿಂಭಾಗದ ಚಿತ್ರವನ್ನು ತಿರುಚುತ್ತದೆ. ಬಣ್ಣದ ಇಂಜೆಕ್ಷನ್ ಎಂದು ಜನ ಕರೆಯುವ ಗ್ಯಾಡೋಲಿನಿಯಂ ಪ್ರತಿ ಮಗುವಿಗೂ ಬೇಕಿಲ್ಲ. ಗಡ್ಡೆ, ಸೋಂಕು ಅಥವಾ ಸ್ಟರ್ಜ್-ವೆಬರ್‌ನಂಥ ರಕ್ತನಾಳದ ತೊಂದರೆಯ ಶಂಕೆ ಇದ್ದರೆ ಕೊಡುತ್ತಾರೆ.

ಎರಡು ವರ್ಷದೊಳಗಿನ ಮಗುವಾದರೆ

ಇಲ್ಲಿ ಒಂದು ವಿಚಿತ್ರವಿದೆ. ಎಂಆರ್‌ಐಯಲ್ಲಿ ಬೂದು ಪದರ, ಬಿಳಿ ಭಾಗ ಬೇರೆ ಬೇರೆಯಾಗಿ ಕಾಣುವುದು ಮುಖ್ಯವಾಗಿ ಮಯಲಿನ್‌ನಿಂದ. ನರತಂತುಗಳಿಗೆ ಸುತ್ತಿಕೊಳ್ಳುವ ಕೊಬ್ಬಿನ ಹೊದಿಕೆ ಅದು. ಹುಟ್ಟಿದಾಗ ಈ ಹೊದಿಕೆ ಅಲ್ಪಸ್ವಲ್ಪ. ಮೊದಲ ಎರಡು ವರ್ಷ ಅದು ವೇಗವಾಗಿ ಬೆಳೆಯುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಬೂದು, ಬಿಳಿ ಎರಡೂ ಹೆಚ್ಚುಕಡಿಮೆ ಒಂದೇ ಛಾಯೆಗೆ ಬಂದುಬಿಡುತ್ತವೆ. ಗಡಿಯೇ ಕಾಣದಿದ್ದಾಗ ಗಡಿಯಲ್ಲಿನ ದೋಷ ಕಾಣುವುದೆಲ್ಲಿ? ಮೂರು ತಿಂಗಳಲ್ಲಿ ಟಿ2 ಚಿತ್ರದಲ್ಲಿ ಕಂಡ ಎಫ್‌ಸಿಡಿ ಒಂದು ವರ್ಷದಲ್ಲಿ ಮಾಯವಾಗಿ, ಎರಡೂವರೆ ವರ್ಷದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಲೀಶನ್ ಎಲ್ಲೂ ಹೋಗಿರಲಿಲ್ಲ, ಹಿನ್ನೆಲೆ ಬದಲಾಗಿತ್ತು ಅಷ್ಟೆ.

ಹಾಗಾಗಿ ಫಿಟ್ಸ್ ಶುರುವಾದ ಶಿಶುವಿಗೆ ಆದಷ್ಟು ಬೇಗ ಒಂದು ಎಂಆರ್‌ಐ, ಅದು ಏನನ್ನೂ ತೋರಿಸದೆ ಫಿಟ್ಸ್ ಮುಂದುವರಿದರೆ ಎರಡು-ಎರಡೂವರೆ ವರ್ಷದ ಹೊತ್ತಿಗೆ ಮತ್ತೊಂದು. ಮೊದಲ ಸ್ಕ್ಯಾನ್‌ನ ಸಿಡಿಯನ್ನು ಜೋಪಾನವಾಗಿ ಇಡಿ ಎಂದು ಹೇಳುವುದು ಇದಕ್ಕೇ. ಆ ವಯಸ್ಸಿನ ಚಿತ್ರ ಮತ್ತೆ ಸಿಗುವುದಿಲ್ಲ.

ಇಇಜಿ ಜೊತೆಗಿಲ್ಲದಿದ್ದರೆ

ಇಇಜಿ ಚಿತ್ರವಲ್ಲ, ಮೆದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸಿದ ಅಲೆಗಳ ಗೆರೆ. ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ತಲೆಯಿಂದ ದಾಖಲಿಸಿದ ಈ ಗೆರೆಗಳಿಗೆ ಇಂದಿಗೂ ಬದಲಿಯಿಲ್ಲ. ಮಗುವನ್ನು ಹಲವು ದಿನ ವಾರ್ಡಿನಲ್ಲಿಟ್ಟು, ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕ್ಯಾಮೆರಾದಲ್ಲಿ ಚಿತ್ರಿಸುತ್ತಾ, ಫಿಟ್ಸ್ ಬರುವವರೆಗೆ ಕಾಯುವುದೇ ವಿಡಿಯೊ ಇಇಜಿ. ಫಿಟ್ಸ್ ಬರಲೆಂದು ವೈದ್ಯರ ಕಣ್ಗಾವಲಿನಲ್ಲಿ ಔಷಧ ಇಳಿಸುವುದೂ ಇದೆ. ಮನೆಯಲ್ಲಿ ಎಂದೂ ಹಾಗೆ ಮಾಡಬಾರದು.

ಎಂಆರ್‌ಐಯಲ್ಲಿ ಕಂಡ ಪ್ರತಿಯೊಂದು ಕಲೆಯೂ ಫಿಟ್ಸ್‌ಗೆ ಕಾರಣವಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಗುವಿನ ಮೆದುಳಿನಲ್ಲಿ ಹತ್ತಾರು ಗಂಟುಗಳಿರಬಹುದು. ತೊಂದರೆ ಕೊಡುತ್ತಿರುವುದು ಒಂದೋ ಎರಡೋ. ಹಾಗೆಯೇ ಇಇಜಿಯೂ ದಾರಿ ತಪ್ಪಿಸಬಲ್ಲದು: ಒಂದೇ ಬದಿಯಲ್ಲಿ ದೊಡ್ಡ ಲೀಶನ್ ಇರುವ ಶಿಶುವಿನ ಇಇಜಿ ಎರಡೂ ಬದಿ ಕೆಟ್ಟಂತೆ ತೋರಬಹುದು. ಆ ಗೆರೆಗಳನ್ನಷ್ಟೇ ನೋಡಿ ಆಪರೇಷನ್ ಆಗುವುದಿಲ್ಲ ಎಂದುಬಿಟ್ಟರೆ ಮಗುವಿಗೆ ಅನ್ಯಾಯ.

ಪೆಟ್: ಸಕ್ಕರೆ ಕಡಿಮೆ ಬಳಸುವ ಜಾಗ

ಎಂಆರ್‌ಐಯಲ್ಲಿ ಏನೂ ಕಾಣದಿದ್ದಾಗ, ಅಥವಾ ಕಂಡದ್ದು ಅನುಮಾನಾಸ್ಪದವಾದಾಗ ಪೆಟ್ ಸ್ಕ್ಯಾನ್‌ಗೆ ಕಳಿಸುತ್ತಾರೆ. ಗ್ಲೂಕೋಸಿಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಗುರುತು ಅಂಟಿಸಿದ ಎಫ್‌ಡಿಜಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಈ ಗುರುತಿನ ಶಕ್ತಿ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚು ಕೆಲಸ ಮಾಡುವ ಭಾಗ ಹೆಚ್ಚು ಸಕ್ಕರೆ ಹೀರಿ ಚಿತ್ರದಲ್ಲಿ ಬೆಳಗುತ್ತದೆ. ಫಿಟ್ಸ್ ಹುಟ್ಟುವ ಜಾಗ ಬೆಳಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಆಗುವುದು ತಿರುವುಮುರುವು: ಎರಡು ಫಿಟ್ಸ್‌ಗಳ ನಡುವಿನ ಶಾಂತ ಹೊತ್ತಿನಲ್ಲಿ ಆ ಜಾಗ ಸುತ್ತಲಿನದಕ್ಕಿಂತ ಕಡಿಮೆ ಸಕ್ಕರೆ ಬಳಸಿ ಮಂಕಾಗಿ ಕಾಣುತ್ತದೆ.

ಸ್ಕ್ಯಾನ್‌ಗೆ ಮೊದಲು ನಾಲ್ಕರಿಂದ ಆರು ಗಂಟೆ ಏನೂ ತಿನ್ನುವಂತಿಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಮೆದುಳು ಎಫ್‌ಡಿಜಿಯನ್ನು ಸರಿಯಾಗಿ ಹೀರುವುದಿಲ್ಲ. ಇಂಜೆಕ್ಷನ್ ನಂತರ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಗು ಮಂದ ಬೆಳಕಿನ ಕೋಣೆಯಲ್ಲಿ ಸುಮ್ಮನಿರಬೇಕು. ಮೊಬೈಲ್ ನೋಡಿದರೆ ನೋಡುವ, ಕೇಳುವ ಭಾಗಗಳು ಅನಗತ್ಯವಾಗಿ ಬೆಳಗುತ್ತವೆ. ಈ ಹೊತ್ತಿನಲ್ಲೇ ಫಿಟ್ಸ್ ಬಂದರೆ ಮಂಕಾಗಬೇಕಾದ ಜಾಗ ಹೊಳೆದು, ಓದುವವರು ಆರೋಗ್ಯವಾಗಿರುವ ಇನ್ನೊಂದು ಬದಿಯನ್ನೇ ದೋಷವೆಂದು ಭಾವಿಸುವ ಅಪಾಯವಿದೆ. ಆದ್ದರಿಂದ ಜೊತೆಗೇ ಇಇಜಿ ಇಡುವುದು ಒಳ್ಳೆಯದು. ಮಂಕು ಪ್ರದೇಶ ನಿಜವಾದ ಮೂಲಕ್ಕಿಂತ ಸಾಮಾನ್ಯವಾಗಿ ವಿಶಾಲವಾಗಿರುತ್ತದೆ. ಅದು ಊರನ್ನು ತೋರಿಸುತ್ತದೆ, ಮನೆಯನ್ನಲ್ಲ. ಪೆಟ್ ಚಿತ್ರವನ್ನು ಎಂಆರ್‌ಐ ಮೇಲೆ ಕೂರಿಸಿ ನೋಡಿದಾಗ ಆ ಊರಿನೊಳಗೆ ಅದುವರೆಗೆ ಕಣ್ಣಿಗೆ ಬೀಳದ ಮಸುಕು ಮಡಿಕೆ ಸಿಕ್ಕಿಬಿಡುವುದುಂಟು. ಪೆಟ್‌ನ ನಿಜವಾದ ಬಲ ಈ ಜೋಡಿ ಓದಿನಲ್ಲಿದೆ.

ಸ್ಪೆಕ್ಟ್: ಸೆಕೆಂಡುಗಳ ಓಟ

ಎಲ್ಲ ಸ್ಕ್ಯಾನ್‌ಗಳಲ್ಲಿ ಹೆಚ್ಚು ಪೂರ್ವತಯಾರಿ ಬೇಡುವುದು ಇದು. ಫಿಟ್ಸ್ ಶುರುವಾದ ಜಾಗಕ್ಕೆ ಆ ಕ್ಷಣದಲ್ಲಿ ರಕ್ತ ನುಗ್ಗುತ್ತದೆ. ಆ ನುಗ್ಗುವಿಕೆಯ ಫೋಟೊ ತೆಗೆಯುವುದೇ ಸ್ಪೆಕ್ಟ್‌ನ ಉದ್ದೇಶ. ಆದರೆ ಫಿಟ್ಸ್ ಬಂದ ಮಗುವನ್ನು ಸ್ಕ್ಯಾನರ್‌ಗೆ ಹೊತ್ತೊಯ್ಯಲಾಗದು. ಅದಕ್ಕೊಂದು ಉಪಾಯವಿದೆ. ಟೆಕ್ನೀಷಿಯಂ-99ಎಂ ಅಂಟಿಸಿದ ಔಷಧ ಮೆದುಳನ್ನು ತಲುಪಿದ ಒಂದೆರಡು ನಿಮಿಷದಲ್ಲೇ ಕೋಶಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಆಮೇಲೆ ಜಾಗ ಬದಲಿಸುವುದಿಲ್ಲ. ಇದರ ಅರ್ಧಾಯುಷ್ಯ 6 ಗಂಟೆ. ಫಿಟ್ಸ್ ನಿಂತು ಮಗು ಸುಧಾರಿಸಿಕೊಂಡ ಮೇಲೆ, ಕೆಲವು ಗಂಟೆಗಳೊಳಗೆ ಸ್ಕ್ಯಾನ್ ಮಾಡಿದರೂ ಸಿಗುವುದು ಆ ಕ್ಷಣದ ಚಿತ್ರವೇ.

ವಾರ್ಡಿನಲ್ಲಿ ನಡೆಯುವುದು ಹೀಗೆ. ಮಗುವಿನ ಕೈಗೆ ಮೊದಲೇ ಸೂಜಿ ಹಾಕಿ ಉದ್ದದ ಕೊಳವೆ ಜೋಡಿಸಿರುತ್ತಾರೆ. ಅಂದಿನ ಬೆಳಿಗ್ಗೆ ತಯಾರಾದ ಔಷಧದ ಸಿರಿಂಜು ವಿಕಿರಣ ತಡೆಯುವ ಕವಚದೊಳಗೆ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ. ತರಬೇತಾದ ನರ್ಸ್ ಅಥವಾ ತಂತ್ರಜ್ಞರು ಪರದೆಯ ಮೇಲಿನ ಅಲೆಗಳನ್ನು, ಮಗುವಿನ ಮುಖವನ್ನು ನೋಡುತ್ತಾ ಕುಳಿತಿರುತ್ತಾರೆ. ಅಲೆ ಬದಲಾಯಿತು, ಕಣ್ಣು ಒಂದು ಕಡೆ ತಿರುಗಿತು ಎಂದೊಡನೆ ಔಷಧ ತಳ್ಳಿ, ಹಿಂದೆಯೇ ಸಲೈನ್ ತಳ್ಳಿ, ಸಮಯ ಬರೆದುಕೊಳ್ಳಬೇಕು. ಮೊದಲ 20 ಸೆಕೆಂಡಿನೊಳಗೆ ಆದರೆ ಉತ್ತಮ. ಕೈಯಿಂದ ಮೆದುಳಿಗೆ ತಲುಪಲು ಮತ್ತೆ ಅರ್ಧ ನಿಮಿಷದಷ್ಟು ಬೇಕು. ತಡವಾದರೆ ಚಿತ್ರದಲ್ಲಿ ಹೊಳೆಯುವುದು ಫಿಟ್ಸ್ ಹುಟ್ಟಿದ ಜಾಗವಲ್ಲ, ಅದು ಹರಡಿಕೊಂಡ ಜಾಗ. ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಫಿಟ್ಸ್‌ಗೆ ಈ ಪರೀಕ್ಷೆ ಒಗ್ಗುವುದಿಲ್ಲ. ಇಡೀ ದಿನ ಕಾದು ಫಿಟ್ಸ್ ಬರದೆ, ತಯಾರಿಸಿದ ಔಷಧ ವ್ಯರ್ಥವಾಗುವುದೂ ಇದೆ. ಅದು ಯಾರ ತಪ್ಪೂ ಅಲ್ಲ.

ಫಿಟ್ಸ್ ಇಲ್ಲದ ಇನ್ನೊಂದು ದಿನ ಮತ್ತೊಂದು ಸ್ಪೆಕ್ಟ್ ಮಾಡಿ, ಮೊದಲಿನದರಿಂದ ಅದನ್ನು ಕಂಪ್ಯೂಟರಿನಲ್ಲಿ ಕಳೆಯುತ್ತಾರೆ. ಉಳಿದ ವ್ಯತ್ಯಾಸವನ್ನು ಎಂಆರ್‌ಐ ಮೇಲೆ ಕೂರಿಸಿದರೆ ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ಈ ವಿಧಾನದ ಹೆಸರು ಸಿಸ್ಕಾಮ್.

ಮೆಗ್

ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ಮೆದುಳಿನ ಕಾಂತಕ್ಷೇತ್ರ ಭೂಮಿಯದಕ್ಕಿಂತ ಕೋಟಿ ಪಟ್ಟಿಗೂ ಹೆಚ್ಚು ಕ್ಷೀಣ. ಅದನ್ನು ಅಳೆಯುವ ಯಂತ್ರ ಮೆಗ್. ತಲೆಬುರುಡೆ ಇಇಜಿಯ ಸಂಕೇತವನ್ನು ಮಸುಕು ಮಾಡುವಷ್ಟು ಇದನ್ನು ಮಾಡುವುದಿಲ್ಲ, ಹಾಗಾಗಿ ಸ್ಪೈಕ್‌ಗಳ ನೆಲೆಯನ್ನು ಹೆಚ್ಚು ನಿಖರವಾಗಿ ಗುರುತಿಸಬಹುದು. ಹಳೆಯ ಯಂತ್ರಗಳಿಗೆ ದ್ರವ ಹೀಲಿಯಂನ −269 ಡಿಗ್ರಿ ಚಳಿ ಬೇಕು, ದೊಡ್ಡವರ ಅಳತೆಯ ಗಟ್ಟಿ ಹೆಲ್ಮೆಟ್ ಮಕ್ಕಳ ತಲೆಗೆ ಸಡಿಲ. ಚಳಿ ಬೇಡದ, ತಲೆಗೆ ಟೋಪಿಯಂತೆ ಹಾಕಬಹುದಾದ ಹೊಸ ಸಂವೇದಕಗಳು ಬರುತ್ತಿವೆ. ಮೆಗ್ ಇರುವ ಕೇಂದ್ರಗಳು ಕಡಿಮೆ.

ಮುಟ್ಟಬಾರದ ಜಾಗ ಯಾವುದು?

ಇಲ್ಲಿಯವರೆಗೆ ತೆಗೆಯಬೇಕಾದದ್ದನ್ನು ಹುಡುಕಿದೆವು. ಉಳಿಸಬೇಕಾದದ್ದನ್ನು ಹುಡುಕುವುದು ಅಷ್ಟೇ ದೊಡ್ಡ ಕೆಲಸ: ಮಾತು, ಕೈಕಾಲು, ದೃಷ್ಟಿ.

ಫಂಕ್ಷನಲ್ ಎಂಆರ್‌ಐ ರಕ್ತದ ಆಮ್ಲಜನಕದಲ್ಲಿ ಆಗುವ ಬದಲಾವಣೆಯನ್ನು ಹಿಡಿಯುತ್ತದೆ. ಸ್ಕ್ಯಾನರ್‌ನೊಳಗೆ ಮಗುವಿಗೆ ಬೆರಳು ಆಡಿಸಲು, ಚಿತ್ರ ನೋಡಿ ಮನಸ್ಸಿನಲ್ಲೇ ಹೆಸರು ಹೇಳಲು, ಕತೆ ಕೇಳಲು ಹೇಳುತ್ತಾರೆ. ಅರ್ಧ ನಿಮಿಷ ಕೆಲಸ, ಅರ್ಧ ನಿಮಿಷ ವಿಶ್ರಾಂತಿ, ಹೀಗೆ ಹಲವು ಸುತ್ತು. ಕೆಲಸದ ಹೊತ್ತಿನಲ್ಲಿ ಚುರುಕಾದ ಭಾಗ ಬಣ್ಣದಲ್ಲಿ ಮೂಡುತ್ತದೆ. ಮಾತಿನ ಪರೀಕ್ಷೆ ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ನಡೆಯಬೇಕು. ಅರ್ಥವಾಗದ ಭಾಷೆಯ ಪ್ರಶ್ನೆಗೆ ಮೆದುಳು ಕೊಡುವ ಉತ್ತರವನ್ನು ನಂಬುವಂತಿಲ್ಲ. ಸಾಮಾನ್ಯವಾಗಿ ಐದಾರು ವರ್ಷ ದಾಟಿದ, ಹೇಳಿದಂತೆ ಮಾಡಬಲ್ಲ ಮಕ್ಕಳಿಗೆ ಇದು ಸಾಧ್ಯ. ಮೊದಲೇ ಅಣಕು ಸ್ಕ್ಯಾನರ್‌ನಲ್ಲಿ ಮಲಗಿಸಿ ಸದ್ದು ಕೇಳಿಸಿ ಅಭ್ಯಾಸ ಮಾಡಿಸಿದರೆ ಗೆಲುವು ಹೆಚ್ಚು.

ಚಿಕ್ಕ ವಯಸ್ಸಿನಲ್ಲೇ ಎಡ ಮೆದುಳಿಗೆ ಪೆಟ್ಟಾದ ಮಕ್ಕಳಲ್ಲಿ ಮಾತಿನ ಕೇಂದ್ರ ಬಲಬದಿಗೆ ಸರಿದಿರುವುದುಂಟು. ಪುಸ್ತಕದ ನಕ್ಷೆ ನಂಬಿ ಆಪರೇಷನ್ ಮಾಡಲಾಗದು, ಆ ಮಗುವಿನದೇ ನಕ್ಷೆ ಬೇಕು. ಎಳೆಯ ಮೆದುಳಿನ ಈ ಹೊಂದಿಕೊಳ್ಳುವ ಗುಣವೇ ಆಪರೇಷನ್ ಬೇಗ ಮಾಡಿ ಎನ್ನುವುದಕ್ಕೂ ಒಂದು ಕಾರಣ.

ಕೇಂದ್ರಗಳಷ್ಟೇ ಅಲ್ಲ, ಅವುಗಳನ್ನು ಜೋಡಿಸುವ ತಂತುಗಳೂ ಉಳಿಯಬೇಕು. ಡಿಟಿಐ ಎಂಬ ಎಂಆರ್‌ಐ ವಿಧಾನ ನೀರಿನ ಕಣಗಳು ತಂತುಗಳ ಉದ್ದಕ್ಕೆ ಸುಲಭವಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುವುದನ್ನು ಅಳೆದು ತಂತುಗಳ ದಾರಿ ಬಿಡಿಸುತ್ತದೆ. ಕಿವಿಯ ಬಳಿಯ ಟೆಂಪೊರಲ್ ಹಾಲೆಯೊಳಗೆ ದೃಷ್ಟಿಯ ತಂತುಗಳು ಮುಂದಕ್ಕೆ ಬಾಗಿ ಹಿಂದಿರುಗುವ ಒಂದು ಕುಣಿಕೆಯಿದೆ. ಅದು ತುಂಡಾದರೆ ಎದುರು ಬದಿಯ ಮೇಲುಗಡೆಯ ಕಾಲುಭಾಗ ನೋಟ ಹೋಗುತ್ತದೆ. ಕುಣಿಕೆ ಎಷ್ಟು ಮುಂದೆ ಬರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು. ಡಿಟಿಐ ಲೆಕ್ಕಾಚಾರದ ರೇಖೆಯೇ ಹೊರತು ತಂತುವಿನ ಫೋಟೊ ಅಲ್ಲ; ತಂತುಗಳು ಒಂದನ್ನೊಂದು ದಾಟುವಲ್ಲಿ ಅದು ತಪ್ಪುತ್ತದೆ.

ಚಿತ್ರಗಳು ಒಪ್ಪದಿದ್ದಾಗ

ಇಇಜಿ ಒಂದು ಕಡೆ, ಪೆಟ್ ಇನ್ನೊಂದು ಕಡೆ ತೋರಿಸಿದರೆ ತಂಡದ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಚರ್ಚಿಸುತ್ತಾರೆ. ಒಳಗಿನಿಂದಲೇ ಕೇಳಬೇಕು ಎಂದಾದರೆ ಸ್ಟೀರಿಯೋ ಇಇಜಿ. ತಲೆಬುರುಡೆಯ ಸಣ್ಣ ರಂಧ್ರಗಳ ಮೂಲಕ, 1 ಮಿಲಿಮೀಟರಿಗಿಂತ ತೆಳುವಾದ ಎಲೆಕ್ಟ್ರೋಡ್‌ಗಳನ್ನು ಆಳಕ್ಕೆ ಇಳಿಸಿ ಕೆಲವು ದಿನ ದಾಖಲಿಸುತ್ತಾರೆ. ಪ್ಯಾರಿಸ್‌ನಲ್ಲಿ ತಾಲೈರಾಕ್ ಮತ್ತು ಬಾಂಕೋ ರೂಪಿಸಿದ ವಿಧಾನ ಇದು. ಇಲ್ಲಿ ಸ್ಕ್ಯಾನ್‌ಗಳ ಕೆಲಸ ಎರಡು: ಎಲ್ಲೆಲ್ಲಿ ಇಳಿಸಬೇಕೆಂದು ಹೇಳುವುದು, ದಾರಿಯಲ್ಲಿರುವ ರಕ್ತನಾಳಗಳನ್ನು ತೋರಿಸಿ ರಕ್ತಸ್ರಾವ ತಪ್ಪಿಸುವುದು. ಸ್ಕ್ಯಾನ್‌ಗಳು ಯಾವ ಊಹೆಯನ್ನೂ ಕೊಡದಿದ್ದರೆ ಎಲೆಕ್ಟ್ರೋಡ್ ಇಳಿಸಿ ಪ್ರಯೋಜನವಿಲ್ಲ. ಪ್ರತಿ ಎಲೆಕ್ಟ್ರೋಡ್ ಕೇಳಿಸಿಕೊಳ್ಳುವುದು ತನ್ನ ಸುತ್ತಲಿನ ಕೆಲವು ಮಿಲಿಮೀಟರ್‌ಗಳನ್ನಷ್ಟೇ.

ಕಣ್ಣಿಗೆ ತಪ್ಪಿದ ಎಫ್‌ಸಿಡಿ ಹುಡುಕಲು ಈಗ ಕಂಪ್ಯೂಟರ್ ಪ್ರೋಗ್ರಾಂಗಳೂ ಬಂದಿವೆ. ಲಂಡನ್‌ನ ಸಂಶೋಧಕರು ಮುನ್ನಡೆಸಿದ ಮೆಲ್ಡ್ ಯೋಜನೆ ಹಲವು ದೇಶಗಳ ಕೇಂದ್ರಗಳಿಂದ ಎಂಆರ್‌ಐ ಸಂಗ್ರಹಿಸಿ ಯಂತ್ರಕ್ಕೆ ಕಲಿಸಿತು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಯಂತ್ರ ಹಿಡಿದದ್ದು ಲೀಶನ್‌ಗಳ ಶೇ 67ರಷ್ಟನ್ನು. ಇಂಥ ಪ್ರೋಗ್ರಾಂ ಆರೋಗ್ಯವಂತ ಮೆದುಳಿನಲ್ಲೂ ಒಮ್ಮೊಮ್ಮೆ ಅನುಮಾನದ ಗುರುತು ಹಾಕುತ್ತದೆ. ಅದು ‘ಇಲ್ಲಿ ಇನ್ನೊಮ್ಮೆ ನೋಡಿ’ ಎನ್ನುವ ಸಹಾಯಕ, ತೀರ್ಮಾನ ತಜ್ಞರದ್ದೇ. 1 ಮಿಲಿಮೀಟರ್‌ನ ಒಳ್ಳೆಯ ಚಿತ್ರ ಇಲ್ಲದಿದ್ದರೆ ಈ ಸಹಾಯಕನೂ ಕುರುಡ.

ಸ್ಕ್ಯಾನ್ ದಿನಕ್ಕೆ ತಯಾರಿ

ಎಪಿಲೆಪ್ಸಿ ಎಂಆರ್‌ಐಗೆ ಅರ್ಧ ಗಂಟೆಗಿಂತ ಹೆಚ್ಚು, ಕೆಲವೊಮ್ಮೆ ಒಂದು ಗಂಟೆ ಹಿಡಿಯುತ್ತದೆ. ಪುಟ್ಟ ಶಿಶುವಿಗೆ ಹಾಲು ಕುಡಿಸಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿಯೇ ಮಾಡಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಔಷಧ ಕೊಟ್ಟು ಮಂಪರು ಬರಿಸಬೇಕಾಗಬಹುದು. ಹಾಗಿದ್ದರೆ ಘನ ಆಹಾರ 6 ಗಂಟೆ ಮೊದಲು, ತಾಯಿಹಾಲು ಸುಮಾರು 4 ಗಂಟೆ ಮೊದಲು ನಿಲ್ಲಿಸುವುದು ವಾಡಿಕೆ; ಅರಿವಳಿಕೆ ತಜ್ಞರು ಹೇಳಿದ್ದೇ ಅಂತಿಮ. ಹೊಟ್ಟೆ ಖಾಲಿ ಇರಬೇಕು ಎಂದಾಕ್ಷಣ ಬೆಳಗಿನ ಫಿಟ್ಸ್ ಔಷಧ ಬಿಡಬೇಡಿ. ಒಂದು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಎದೆಯಲ್ಲಿ ಫಿಟ್ಸ್ ತಗ್ಗಿಸಲು ಅಳವಡಿಸುವ ವೇಗಸ್ ನರದ ಯಂತ್ರ, ಕಿವಿಯಲ್ಲಿ ಕಾಕ್ಲಿಯರ್ ಯಂತ್ರ, ದೇಹದಲ್ಲಿ ಯಾವುದೇ ಲೋಹ ಇದ್ದರೆ ಸ್ಕ್ಯಾನ್ ದಿನ ಗೊತ್ತುಮಾಡುವಾಗಲೇ ತಿಳಿಸಿ.

ಬೇರೆ ಆಸ್ಪತ್ರೆಗೆ ಹೋಗುವಾಗ ವರದಿ, ಫಿಲ್ಮ್ ಎರಡೂ ಸಾಲವು. ಫಿಲ್ಮ್ ಮೇಲೆ ಅಚ್ಚಾದ ಅಂಚೆಚೀಟಿಯಂಥ ಚಿತ್ರಗಳಲ್ಲಿ ಮಡಿಕೆಯ ತಳ ಹುಡುಕಲಾಗದು. ಡೈಕಾಮ್ ಎಂಬ ಮೂಲ ಕಡತಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಮನೆಯಲ್ಲಿ ಮೊಬೈಲ್‌ನಲ್ಲಿ ತೆಗೆದ ಫಿಟ್ಸ್ ವಿಡಿಯೊ ಇದ್ದರೆ ಅದನ್ನೂ ಒಯ್ಯಿರಿ, ಶುರುವಿನ ಕೆಲವು ಸೆಕೆಂಡುಗಳು ಅದರಲ್ಲಿದ್ದರೆ ಇನ್ನೂ ಒಳ್ಳೆಯದು.

ಆಪರೇಷನ್ ಟೇಬಲ್ ಮೇಲೆ, ಆಮೇಲೆ

ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಕೂರಿಸಿದ ನಕ್ಷೆಯನ್ನು ನ್ಯಾವಿಗೇಷನ್ ಯಂತ್ರಕ್ಕೆ ತುಂಬುತ್ತಾರೆ. ವಾಹನದ ಜಿಪಿಎಸ್‌ನಂತೆ, ಸರ್ಜನ್ ಕೈಯಲ್ಲಿನ ಸಲಕರಣೆಯ ತುದಿ ಎಲ್ಲಿದೆ ಎಂದು ಪರದೆ ತೋರಿಸುತ್ತಿರುತ್ತದೆ. ಒಂದು ತೊಡಕಿದೆ. ತಲೆಬುರುಡೆ ತೆರೆದು ಒಳಗಿನ ದ್ರವ ಹೊರಬಂದಂತೆ ಮೆದುಳು ಕೆಲವು ಮಿಲಿಮೀಟರ್ ಕುಸಿಯುತ್ತದೆ. ಪರದೆಯ ನಕ್ಷೆ ಮಾತ್ರ ಹಳೆಯದೇ. ಚಿಕ್ಕ ಲೀಶನ್‌ಗೆ ಈ ಅಂತರವೇ ಹೆಚ್ಚು. ಅದಕ್ಕೆ ಥಿಯೇಟರಿನಲ್ಲೇ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ, ಸೌಲಭ್ಯವಿದ್ದಲ್ಲಿ ಆಪರೇಷನ್ ನಡುವೆಯೇ ಎಂಆರ್‌ಐ ಮಾಡಿ ದೋಷದ ಭಾಗ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಆಳದಲ್ಲಿರುವ ಸಣ್ಣ ಲೀಶನ್‌ಗೆ ಲೇಸರ್ ವಿಧಾನವೂ ಇದೆ: ಕೆಲವು ಮಿಲಿಮೀಟರ್ ರಂಧ್ರದಿಂದ ತೆಳುವಾದ ಲೇಸರ್ ತಂತು ಇಳಿಸಿ ಬಿಸಿ ಮಾಡುವುದು, ಆ ಬಿಸಿ ಎಲ್ಲಿಯವರೆಗೆ ಹಬ್ಬಿತು ಎಂಬುದನ್ನು ಎಂಆರ್‌ಐಯಲ್ಲಿ ಆ ಹೊತ್ತಿಗೇ ಅಳೆದು ಅಕ್ಕಪಕ್ಕದ ಭಾಗ ಸುಡುವ ಮೊದಲೇ ನಿಲ್ಲಿಸುವುದು.

ಎಫ್‌ಸಿಡಿಯಲ್ಲಿ ಫಿಟ್ಸ್ ನಿಲ್ಲುವುದು ದೋಷದ ಭಾಗ ಪೂರ್ತಿ ಹೊರಬಂದಿದೆಯೇ ಎಂಬುದನ್ನು ಬಹಳವಾಗಿ ಅವಲಂಬಿಸಿದೆ. ಹಾಗಾಗಿ ಆಪರೇಷನ್ ಆದ ಮೇಲೂ ಒಂದು ಎಂಆರ್‌ಐ ಇರುತ್ತದೆ, ಮೊದಲ ಒಂದೆರಡು ದಿನಗಳಲ್ಲಿ ಅಥವಾ ಊತ ಇಳಿದ ಮೇಲೆ, ಕೆಲವು ತಿಂಗಳ ಬಳಿಕ. ಫಿಟ್ಸ್ ನಿಂತ ಮಕ್ಕಳಿಗೂ ಔಷಧ ಒಮ್ಮೆಲೇ ನಿಲ್ಲಿಸುವುದಿಲ್ಲ. ನಿಧಾನವಾಗಿ, ವೈದ್ಯರು ಹೇಳಿದ ಲೆಕ್ಕದಲ್ಲಿ ಇಳಿಸುತ್ತಾರೆ. ಫಿಟ್ಸ್ ಮರಳಿ ಬಂದರೆ ಆಪರೇಷನ್ ನಂತರದ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು, ಕತ್ತರಿಸಿದ ಅಂಚಿನಲ್ಲಿ ಮಸುಕು ಗೆರೆಯ ತುಣುಕೇನಾದರೂ ಉಳಿದಿದೆಯೇ ಎಂದು ಹುಡುಕುತ್ತಾರೆ. ಸಿಕ್ಕರೆ ಎರಡನೇ ಆಪರೇಷನ್ ಸಾಧ್ಯ, ಹಾಗೆ ಫಿಟ್ಸ್ ನಿಂತ ಮಕ್ಕಳೂ ಇದ್ದಾರೆ.